ಗಜನಿ ಗದ್ದೆಯಿಂದ ಶುರುಮಾಡಿ: ಕರಾವಳಿ ಕಾಲೇಜುಗಳಲ್ಲಿ ಮಾಹಿತಿ ಹುಡುಕಲು ಕಲಿಸುವ ಬಗೆ

ಸೆಮಿಸ್ಟರಿನ ಮೊದಲ ವಾರ ಹೊಸ ವಿದ್ಯಾರ್ಥಿಗಳನ್ನು ಸಾಲಾಗಿ ಲೈಬ್ರರಿಗೆ ಕರೆತಂದು, ಇದು ರೆಫರೆನ್ಸ್ ವಿಭಾಗ, ಇದು ಪತ್ರಿಕೆ ಓದುವ ಜಾಗ, ಕಾರ್ಡಿಗೆ ಎರಡು ಪುಸ್ತಕ, ತಡವಾದರೆ ದಂಡ ಎಂದು ಹೇಳಿ ಕಳಿಸುವುದು ನಮ್ಮ ಬಹಳಷ್ಟು ಪದವಿ ಕಾಲೇಜುಗಳ ರೂಢಿ. ಅದರಿಂದ ಯಾರಿಗೂ ಏನೂ ಬರುವುದಿಲ್ಲ. ಆ ದಿನ ಮಕ್ಕಳ ಬಳಿ ಹುಡುಕಬೇಕಾದ ಪ್ರಶ್ನೆಯೇ ಇರುವುದಿಲ್ಲ. ಎರಡು ತಿಂಗಳ ಮೇಲೆ ಅಸೈನ್‌ಮೆಂಟ್ ತಲೆಮೇಲೆ ಬಂದಾಗ ಲೈಬ್ರರಿಯಲ್ಲಿ ಕೇಳಿದ ಒಂದು ಮಾತೂ ನೆನಪಿರದೆ, ಮೊಬೈಲಿನಲ್ಲಿ ಮೊದಲು ಕಂಡದ್ದನ್ನು ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಆದ್ದರಿಂದ ಗ್ರಂಥಪಾಲಕರೇ, ಆ ಒಂದು ಪೀರಿಯಡ್ಡನ್ನು ಅಲ್ಲಿಂದ ಎತ್ತಿ ಅಸೈನ್‌ಮೆಂಟ್ ಕೊಟ್ಟ ವಾರಕ್ಕೆ ಹಾಕಿ. ಈ ಬರಹದಲ್ಲಿ ಪಾಲಿಸಲೇಬೇಕಾದದ್ದು ಒಂದಿದ್ದರೆ ಅದು ಇದು.

ಅಧ್ಯಾಪಕರ ಬಳಿ ಮೊದಲು ಹೋಗಿ

ಪಾಠಕ್ಕೆ ಹತ್ತು ದಿನ ಮೊದಲು ವಿಷಯದ ಅಧ್ಯಾಪಕರ ಜೊತೆ ಹದಿನೈದು ನಿಮಿಷ ಕೂತು ಅಸೈನ್‌ಮೆಂಟಿನ ತಲೆಬರಹ ನೋಡಿ. ‘ಮೀನುಗಾರಿಕೆ’, ‘ಅಡಿಕೆ ಕೃಷಿ’, ‘ಸ್ವಾತಂತ್ರ್ಯ ಹೋರಾಟ’ ಎಂದಷ್ಟೇ ಇದ್ದರೆ ಎಷ್ಟು ಚೆನ್ನಾಗಿ ಹುಡುಕಲು ಕಲಿಸಿದರೂ ವ್ಯರ್ಥ, ಯಾಕೆಂದರೆ ಅಂಥ ವಿಷಯಕ್ಕೆ ಮೊದಲ ಪುಟದಲ್ಲೇ ಸಿದ್ಧ ಉತ್ತರ ಸಿಗುತ್ತದೆ. ಅದನ್ನು ಪ್ರಶ್ನೆಯಾಗಿ ಬದಲಿಸಲು ಕೇಳಿಕೊಳ್ಳಿ. ‘ಮಳೆಗಾಲದ ಮೀನುಗಾರಿಕೆ ನಿಷೇಧ ಕಾರವಾರದ ಸಣ್ಣ ದೋಣಿಯವರಿಗೂ ಅನ್ವಯಿಸುತ್ತದೆಯೇ?’ ಎಂದು ಕೇಳಿದರೆ ಸರ್ಕಾರಿ ಆದೇಶ ಹುಡುಕಬೇಕು, ಪತ್ರಿಕೆ ನೋಡಬೇಕು, ಬಂದರಿನಲ್ಲಿ ಯಾರನ್ನಾದರೂ ಮಾತನಾಡಿಸಬೇಕು. ಇದರಲ್ಲೇ ಒಂದು ಒಳ್ಳೆಯ ಎಡವುಗಲ್ಲೂ ಇದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡೂ 61 ದಿನ. ಓದದೆ ನಕಲು ಮಾಡಿದವರು ತಮಿಳುನಾಡಿನ ದಿನಾಂಕ ಬರೆದು ತರುತ್ತಾರೆ, ಅಧ್ಯಾಪಕರಿಗೆ ಅಲ್ಲೇ ಗೊತ್ತಾಗುತ್ತದೆ.

ಇನ್ನೆರಡು ಮಾತು ಅಧ್ಯಾಪಕರಿಂದ ಪಡೆಯಿರಿ. ಅಸೈನ್‌ಮೆಂಟಿನ ಹತ್ತು ಅಂಕದಲ್ಲಿ ಎರಡು ಅಂಕ ‘ಎಲ್ಲಿಂದ ತೆಗೆದುಕೊಂಡೆ, ಅದನ್ನೇ ಯಾಕೆ ಆರಿಸಿದೆ’ ಎಂಬ ಅರ್ಧ ಪುಟಕ್ಕೆ ಇರಲಿ. ಮತ್ತು ಪಾಠದ ದಿನ ಅವರೂ ಲೈಬ್ರರಿಯಲ್ಲಿ ಕೂತಿರಲಿ. ಅಧ್ಯಾಪಕರಿಲ್ಲದ ಪೀರಿಯಡ್ ಎಂದರೆ ಮಕ್ಕಳ ಲೆಕ್ಕದಲ್ಲಿ ಬಿಡುವಿನ ಪೀರಿಯಡ್.

ಐವತ್ತು ನಿಮಿಷ ಹಂಚುವುದು

ಅರವತ್ತು ಜನರ ತರಗತಿಯನ್ನು ಒಮ್ಮೆಗೇ ತರಬೇಡಿ, ಮೂವತ್ತರಂತೆ ಎರಡು ತಂಡ ಮಾಡಿ. ಮೂವರಿಗೆ ಒಂದು ಮೊಬೈಲ್ ಅಥವಾ ಕಂಪ್ಯೂಟರ್. ಒಬ್ಬರು ಹುಡುಕಲಿ, ಒಬ್ಬರು ಬರೆಯಲಿ, ಒಬ್ಬರು ‘ಇದು ಯಾರು ಬರೆದದ್ದು?’ ಎಂದು ಕೇಳುತ್ತಲೇ ಇರಲಿ. ಪ್ರತಿಯೊಬ್ಬರಿಗೂ ಒಂದು ಫೋನ್ ಕೊಟ್ಟರೆ ಹತ್ತು ನಿಮಿಷದಲ್ಲಿ ಅರ್ಧ ಜನ ಬೇರೆಲ್ಲೋ ಇರುತ್ತಾರೆ. ಮೊದಲ ಹತ್ತು ನಿಮಿಷ ಪದಗಳ ಪಟ್ಟಿಗೆ, ಇಪ್ಪತ್ತು ಹುಡುಕಾಟಕ್ಕೆ, ಹದಿನೈದು ಸಿಕ್ಕಿದ್ದನ್ನು ಪರೀಕ್ಷಿಸಲು, ಕೊನೆಯ ಐದು ನಿಮಿಷ ಏನು ಸಿಕ್ಕಿತು, ಎಲ್ಲಿ ತೊಡಕಾಯಿತು ಎಂಬ ಚೀಟಿ ಬರೆಯಲು. ಒಂದೇ ದಿನ ಕ್ಯಾಟಲಾಗು, ಎನ್‌-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕ ಒದಗಿಸುವ ಸೇವೆ), ಉಲ್ಲೇಖ ಬರೆಯುವ ಕ್ರಮ ಎಲ್ಲವನ್ನೂ ತುರುಕಬೇಡಿ. ಒಂದು ಪೀರಿಯಡ್ಡಿಗೆ ಒಂದೇ ಕೌಶಲ ಸಾಕು.

ಪದಗಳ ಪಟ್ಟಿ: ಹೆಚ್ಚು ಗಮನ ಇಲ್ಲಿ ಕೊಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳು ಹುಡುಕಾಟದಲ್ಲಿ ಸೋಲುವುದು ಯಂತ್ರ ತಿಳಿಯದ್ದಕ್ಕಲ್ಲ. ಮನೆಯ ಮಾತಿನ ಪದ ಒಂದು, ಪುಸ್ತಕದ ಪದ ಇನ್ನೊಂದು, ವಿಜ್ಞಾನಿ ಬರೆಯುವ ಪದ ಮತ್ತೊಂದು. ಅದಕ್ಕೇ ಸೋಲು.

ಬೋರ್ಡಿನ ಮೇಲೆ ‘ಗಜನಿ’ ಎಂದು ಬರೆದು ಹುಡುಕಲು ಹೇಳಿ. ಕುಮಟಾ ಕಡೆಯವರಿಗೆ ಅದು ಅಘನಾಶಿನಿ ಅಳಿವೆಯ ಉಪ್ಪುನೀರಿನ ಗದ್ದೆ. ಪರದೆಯ ಮೇಲೆ ಬರುವುದು ಅಫ್ಘಾನಿಸ್ತಾನದ ಊರು, ಅಲ್ಲಿಯ ಸುಲ್ತಾನ, ಜೊತೆಗೆ ಅದಕ್ಕೆ ಹತ್ತಿರದ ಹೆಸರಿನ ಸಿನಿಮಾ. ಸರಿ, ಆ ಗದ್ದೆಯಲ್ಲಿ ಬೆಳೆಯುವ ಉಪ್ಪು ತಾಳುವ ಭತ್ತ ‘ಕಗ್ಗ’ ಎಂದು ಹುಡುಕಿದರೆ ಡಿ.ವಿ.ಜಿ.ಯವರ ಮಂಕುತಿಮ್ಮನ ಪದ್ಯಗಳು ಸಾಲುಗಟ್ಟುತ್ತವೆ. ಮಕ್ಕಳು ನಗುತ್ತಾರೆ, ನಗಲಿ. ಆಮೇಲೆ ಒಂದೊಂದೇ ಪದ ಸೇರಿಸಿ ತೋರಿಸಿ: ‘ಗಜನಿ ಗದ್ದೆ’, ‘ಗಜನಿ ಅಘನಾಶಿನಿ’, ‘ಕಗ್ಗ ಭತ್ತ ಕುಮಟಾ’. ಈಗ ದಾರಿ ತೆರೆಯುತ್ತದೆ. ಮುಂದಿನ ಮೆಟ್ಟಿಲು ನೆರೆಯವರ ಪದ. ಇದೇ ಬಗೆಯ ಭೂಮಿಗೆ ಗೋವೆಯಲ್ಲಿ ‘ಖಾಜನ್’ ಎನ್ನುತ್ತಾರೆ, ಕೇರಳದಲ್ಲಿ ಇಂಥ ಬೇಸಾಯಕ್ಕೆ ‘ಪೊಕ್ಕಾಳಿ’, ಕಣ್ಣೂರು ಕಡೆ ‘ಕೈಪ್ಪಾಡ್’. ಈ ಪದಗಳನ್ನು ಇಂಗ್ಲಿಷಿನಲ್ಲಿ ಟೈಪಿಸಿದರೆ ಹೋಲಿಸಿ ನೋಡಲು ಬೇಕಾದಷ್ಟು ಸಂಶೋಧನೆ ಎದುರಿಗೆ ಬರುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ) ಪಟ್ಟಿಗೆ ಸೇರಿದ್ದರಿಂದ ‘ರಾಮ್ಸಾರ್’ ಕೂಡ ಈಗ ಒಳ್ಳೆಯ ಕೀಲಿಪದ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಈ ಅಳಿವೆಯ ಬಗ್ಗೆ ಮಾಡಿದ ವರದಿಗಳು ಜಾಲದಲ್ಲಿ ಉಚಿತ.

ಮೀನಿನ ವಿಷಯದಲ್ಲೂ ಇದೇ ಕಥೆ. ಕಾರವಾರದ ‘ತಾರ್ಲೆ’, ಮಂಗಳೂರಿನ ‘ಭೂತಾಯಿ’, ಇಂಗ್ಲಿಷಿನ ‘ಆಯಿಲ್ ಸಾರ್ಡಿನ್’, ವಿಜ್ಞಾನಿಗಳ ‘ಸಾರ್ಡಿನೆಲ್ಲಾ ಲಾಂಜಿಸೆಪ್ಸ್’ ಎಲ್ಲ ಒಂದೇ ಮೀನು. ಕೊನೆಯ ಹೆಸರನ್ನು ರೋಮನ್ ಲಿಪಿಯಲ್ಲಿ ತಪ್ಪಿಲ್ಲದೆ ಬರೆಯುವುದು ಕಲಿತ ವಿದ್ಯಾರ್ಥಿಗೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಕ್ತ ಭಂಡಾರವೇ ತೆರೆದುಕೊಳ್ಳುತ್ತದೆ. ಆ ಸಂಸ್ಥೆಯ ಒಂದು ಕೇಂದ್ರ ಕಾರವಾರದಲ್ಲೇ ಇದೆ ಎಂಬುದನ್ನೂ ಹೇಳಿ, ಎಷ್ಟೋ ಮಕ್ಕಳು ಅದರ ಮುಂದೆಯೇ ಓಡಾಡುತ್ತಿರುತ್ತಾರೆ.

ಪ್ರತಿ ಗುಂಪಿಗೂ ಒಂದು ಹಾಳೆ ಕೊಟ್ಟು ನಾಲ್ಕು ಕಂಬ ಎಳೆಸಿ: ಮನೆಯ ಪದ, ಪುಸ್ತಕದ ಕನ್ನಡ, ಇಂಗ್ಲಿಷ್, ಹಳೆಯ ಹೆಸರು. ಕೊಂಕಣಿ, ನವಾಯತಿ, ಹವಿಗನ್ನಡ, ಹಾಲಕ್ಕಿ ಕನ್ನಡ ಯಾವುದೇ ಇರಲಿ, ಮೊದಲ ಕಂಬದಲ್ಲಿ ಅದಕ್ಕೆ ಜಾಗವಿರಬೇಕು. ಮನೆಮಾತನ್ನು ಲೈಬ್ರರಿಗೆ ತರಬಾರದೆಂದು ಅಂದುಕೊಂಡ ಹುಡುಗಿಯೇ ಆ ಕಂಬ ತುಂಬುವಾಗ ಎಲ್ಲರಿಗಿಂತ ಹೆಚ್ಚು ಬರೆಯುತ್ತಾಳೆ.

ನಾಲ್ಕನೇ ಕಂಬ ಇತಿಹಾಸದವರಿಗೆ ಬಹಳ ಮುಖ್ಯ. ಬ್ರಿಟಿಷರ ಕಾಲದ ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ‘ಉತ್ತರ ಕನ್ನಡ’ ಎಂಬ ಹೆಸರು ಅಧಿಕೃತವಾದದ್ದು 1977ರಲ್ಲಿ. ಹಾಗಾಗಿ ಹಳೆಯ ದಾಖಲೆಯಲ್ಲಿ ‘ಉತ್ತರ ಕನ್ನಡ’ ಎಂದು ಹುಡುಕಿದರೆ ಏನೂ ಸಿಗದು. ‘ನಾರ್ತ್ ಕೆನರಾ’, ಬರೀ ‘ಕೆನರಾ’, ಅದರಲ್ಲೂ ಸಿ ಅಕ್ಷರದಿಂದ ಒಮ್ಮೆ, ಕೆ ಅಕ್ಷರದಿಂದ ಒಮ್ಮೆ ಪ್ರಯತ್ನಿಸಬೇಕು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಸರ್ಕಾರಿ ಕಡತ ಬೇಕೆಂದವರು ಹುಡುಕಬೇಕಾದದ್ದು ಮುಂಬಯಿ ಪ್ರಾಂತ್ಯದ ದಾಖಲೆಗಳಲ್ಲಿ, ಮೈಸೂರಿನದರಲ್ಲಿ ಅಲ್ಲ. ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ 15ನೇ ಸಂಪುಟ, 1883ರಲ್ಲಿ ಎರಡು ಭಾಗವಾಗಿ ಬಂದದ್ದು, ನಮ್ಮ ಜಿಲ್ಲೆಯದೇ. ಅದರ ಸ್ಕ್ಯಾನ್ ಪ್ರತಿ ಉಚಿತವಾಗಿ ಸಿಗುತ್ತದೆ, ಒಮ್ಮೆ ಇಳಿಸಿಕೊಂಡು ಲೈಬ್ರರಿಯ ಕಂಪ್ಯೂಟರಿನಲ್ಲಿ ಇಟ್ಟುಬಿಡಿ.

ಕನ್ನಡದಲ್ಲಿ ಹುಡುಕುವಾಗಿನ ತೊಡಕುಗಳು

ಕಾರವಾರ, ಕಾರ್ವಾರ. ಶಿರಸಿ, ಸಿರ್ಸಿ. ಅಂಕೋಲಾ, ಅಂಕೋಲೆ. ಸರ್ಚ್ ಎಂಜಿನ್ನುಗಳು ಇದನ್ನು ಅಷ್ಟಿಷ್ಟು ಸರಿತೂಗಿಸುತ್ತವೆ, ಕಾಲೇಜಿನ ಕ್ಯಾಟಲಾಗು ಸರಿತೂಗಿಸುವುದಿಲ್ಲ. ವಿಭಕ್ತಿಯ ಕಾಟವೂ ಇದೆ. ಶೀರ್ಷಿಕೆಯಲ್ಲಿ ‘ಯಕ್ಷಗಾನದ’ ಎಂದಿದ್ದರೆ, ಪೂರ್ತಿ ಪದ ಹೊಂದಿಸುವ ಕ್ಯಾಟಲಾಗಿನಲ್ಲಿ ‘ಯಕ್ಷಗಾನ’ ಎಂದು ಕೊಟ್ಟವರಿಗೆ ಆ ಪುಸ್ತಕ ಕಾಣುವುದಿಲ್ಲ. ಪದದ ಮೂಲರೂಪ ಟೈಪಿಸಿ ಕೊನೆಗೆ ನಕ್ಷತ್ರ ಚಿಹ್ನೆ ಹಾಕುವುದನ್ನು ಕೊಹಾ ಎಂಬ ಲೈಬ್ರರಿ ತಂತ್ರಾಂಶದಲ್ಲಿ ತೋರಿಸಿ. ಜಾಲದಲ್ಲಾದರೆ ಎರಡು ತಂತ್ರ ಸಾಕು: ಜೋಡಿಪದಕ್ಕೆ ಉದ್ಧರಣ ಚಿಹ್ನೆ, ಬೇಡದ್ದರ ಮುಂದೆ ಜಾಗ ಬಿಡದೆ ಮೈನಸ್ ಗುರುತು. ‘ಕಗ್ಗ’ ಎಂದು ಬರೆದು ‘ಮಂಕುತಿಮ್ಮ’ನ ಮುಂದೆ ಮೈನಸ್ ಹಾಕಿಸಿದರೆ ಪಾಠ ತಾನಾಗಿ ಮನಸ್ಸಿಗೆ ಇಳಿಯುತ್ತದೆ.

ಹಳೆಯ ಕನ್ನಡ ಪಿಡಿಎಫ್‌ಗಳ ಸಮಸ್ಯೆ ಬೇರೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಸಿದ್ಧವಾದ ಕಡತ ಕಣ್ಣಿಗೆ ಕನ್ನಡವೇ, ಆದರೆ ಯೂನಿಕೋಡ್ ಅಲ್ಲದ್ದರಿಂದ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ಗೊತ್ತಾಗುತ್ತದೆ. ಅಂಥ ವರದಿಯನ್ನು ಕನ್ನಡ ಪದದಿಂದ ಎಷ್ಟು ಹುಡುಕಿದರೂ ಸಿಗದು. ಇಲಾಖೆಯ ಜಾಲತಾಣಕ್ಕೆ ಹೋಗಿ ವರ್ಷದ ಪ್ರಕಾರ ಪಟ್ಟಿ ತೆರೆದು ಕಣ್ಣಿನಿಂದಲೇ ನೋಡಬೇಕು. ‘ಸಿಗಲಿಲ್ಲ ಸರ್’ ಎಂದವರಿಗೆ ಅದು ಇಲ್ಲವೆಂದು ಅರ್ಥವಲ್ಲ ಎಂದು ತಿಳಿಸಬೇಕಾದ ಜಾಗ ಇದು.

ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ತೋರಿಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿವೆ. ಅಲ್ಲಿ ಪ್ರಬಂಧ ಅಧ್ಯಾಯವಾರು ಬೇರೆ ಬೇರೆ ಫೈಲಾಗಿರುತ್ತದೆ. ಮಕ್ಕಳು ಮೊದಲ ಫೈಲು ತೆರೆದು ಪ್ರಮಾಣಪತ್ರ ನೋಡಿ ಮುಚ್ಚುತ್ತಾರೆ. ಕೊನೆಯಲ್ಲಿರುವ ಗ್ರಂಥಋಣದ ಫೈಲನ್ನೇ ಮೊದಲು ತೆರೆಸಿ. ಒಬ್ಬ ಸಂಶೋಧಕ ನಾಲ್ಕೈದು ವರ್ಷ ಹುಡುಕಿದ ಪಟ್ಟಿ ಒಂದೇ ನಿಮಿಷದಲ್ಲಿ ಕೈಗೆ ಬರುತ್ತದೆ.

ನಂಬುವ ಮೊದಲು

‘ಭಾರೀ ಮಳೆ: ನಾಳೆ ಶಾಲಾ ಕಾಲೇಜುಗಳಿಗೆ ರಜೆ’ ಎಂಬ ಆದೇಶದ ಫೋಟೊ ಜುಲೈ ತಿಂಗಳಲ್ಲಿ ಎಲ್ಲರ ವಾಟ್ಸಾಪಿಗೂ ಬರುತ್ತದೆ. ಪರಿಶೀಲನೆ ಕಲಿಸಲು ಇದಕ್ಕಿಂತ ಒಳ್ಳೆಯ ಪಠ್ಯ ಇಲ್ಲ, ಯಾಕೆಂದರೆ ಇದರಲ್ಲಿ ಎಲ್ಲರಿಗೂ ಆಸಕ್ತಿ ಇದೆ. ದಿನಾಂಕವಿದೆಯೇ, ಅಥವಾ ಕತ್ತರಿಸಿಹೋಗಿದೆಯೇ? ಯಾವ ತಾಲ್ಲೂಕುಗಳ ಹೆಸರಿದೆ? ಪದವಿ ಕಾಲೇಜು ಸೇರಿದೆಯೇ, ಪಿಯುವರೆಗೆ ಮಾತ್ರವೇ? ಆದೇಶ ಸಂಖ್ಯೆ? ಇಷ್ಟನ್ನು ಫೋಟೊದಲ್ಲೇ ನೋಡಬಹುದು, ಆದರೆ ಅಷ್ಟಕ್ಕೆ ನಿಲ್ಲಬಾರದು. ಚೆನ್ನಾಗಿ ಮಾಡಿದ ನಕಲಿಯಲ್ಲಿ ಇವೆಲ್ಲ ಸರಿಯಾಗಿಯೇ ಇರುತ್ತವೆ, ಕಳೆದ ವರ್ಷದ ನಿಜ ಆದೇಶವೂ ಹಾಗೆಯೇ. ಫೋಟೊ ಬಿಟ್ಟು ಹೊರಬಂದು ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಅದೇ ಆದೇಶವಿದೆಯೇ ನೋಡಬೇಕು. ಆಮೇಲೆ ಹವಾಮಾನ ಇಲಾಖೆಯ ಪುಟ. ಇಲಾಖೆಯ ಅಳತೆಯಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 115.6ರಿಂದ 204.4 ಅತಿ ಭಾರೀ, ಅದಕ್ಕೂ ಮೇಲಿನದು ಅತ್ಯಂತ ಭಾರೀ. ‘ಭಾರೀ’ ಎಂಬ ಪದಕ್ಕೆ ಅಂಕಿಯ ಅರ್ಥವಿದೆ ಎಂದು ತಿಳಿದ ದಿನ ಮಕ್ಕಳು ಪತ್ರಿಕೆಯನ್ನು ಬೇರೆ ಕಣ್ಣಿನಿಂದ ಓದುತ್ತಾರೆ.

ಹೀಗೆ ಪುಟದಿಂದ ಹೊರಬಂದು ಬೇರೆಯವರು ಏನನ್ನುತ್ತಾರೆ ಎಂದು ನೋಡುವುದೇ ಬಲವಾದ ಕ್ರಮ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸದ ವಿದ್ವಾಂಸರು, ವೃತ್ತಿಪರ ಸತ್ಯಶೋಧಕರು, ವಿದ್ಯಾರ್ಥಿಗಳು ಸೇರಿ 45 ಜನ ಜಾಲತಾಣಗಳನ್ನು ಪರೀಕ್ಷಿಸಿದರು. ವಿದ್ವಾಂಸರೂ ವಿದ್ಯಾರ್ಥಿಗಳೂ ಬಹಳ ಸಲ ಪುಟದೊಳಗೇ ಸುತ್ತಿ ಅದರ ಚೆಂದದ ವಿನ್ಯಾಸಕ್ಕೆ ಮೋಸಹೋದರು. ಸತ್ಯಶೋಧಕರು ತಕ್ಷಣ ಹೊಸ ಟ್ಯಾಬುಗಳನ್ನು ತೆರೆದು ಹೊರಗೆ ವಿಚಾರಿಸಿ, ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ಆದ್ದರಿಂದ ಇಪ್ಪತ್ತು ಪ್ರಶ್ನೆಗಳ ಚೆಕ್‌ಲಿಸ್ಟ್ ಹಂಚಬೇಡಿ. ‘ಎರಡು ಟ್ಯಾಬ್ ತೆರೆ’ ಎಂಬ ಒಂದೇ ಮಾತು ರೂಢಿಯಾಗಲಿ.

ಊರ ಹೆಸರಿನ ಗೊಂದಲಕ್ಕೆ ಶಿರೂರು ಒಳ್ಳೆಯ ಉದಾಹರಣೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ಅದೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಂದೂರು ತಾಲ್ಲೂಕಿನಲ್ಲೂ ಒಂದು ಶಿರೂರು ಇದೆ. ತಾಲ್ಲೂಕು ಸೇರಿಸದೆ ಹುಡುಕಿದರೆ ಎರಡೂ ಕಲಸಿಹೋಗುತ್ತವೆ. ಆದರೆ ಈ ಅಭ್ಯಾಸ ಕೊಡುವಾಗ ಫೋಟೊ ವಿಡಿಯೊ ತೋರಿಸಬೇಡಿ. ತರಗತಿಯಲ್ಲಿ ಆ ಊರಿನ ಮಕ್ಕಳು ಕೂತಿರಬಹುದು.

ಎಐ ಚಾಟ್‌ಬಾಟ್ ಬಳಸಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಅದರ ಬದಲು ಪರೀಕ್ಷೆಗೆ ಹಚ್ಚಿ: ಗಜನಿ ಬೇಸಾಯದ ಬಗ್ಗೆ ಐದು ಸಂಶೋಧನಾ ಲೇಖನ ಹೇಳು ಎಂದು ಕೇಳಿಸಿ, ಸಿಕ್ಕ ಪ್ರತಿ ಶೀರ್ಷಿಕೆಯನ್ನೂ ಗೂಗಲ್ ಸ್ಕಾಲರಿನಲ್ಲಿ ಹುಡುಕಿಸಿ. ಇಂಥ ಉತ್ತರಗಳಲ್ಲಿ ಲೇಖಕರು ನಿಜ, ಪತ್ರಿಕೆಯೂ ನಿಜ, ಲೇಖನ ಮಾತ್ರ ಹುಟ್ಟಿಯೇ ಇಲ್ಲ ಎಂಬುದು ಆಗಾಗ ಕಾಣುತ್ತದೆ. ಸ್ಥಳೀಯ ವಿಷಯವಾದಷ್ಟೂ ಈ ಅಪಾಯ ಹೆಚ್ಚು, ಏಕೆಂದರೆ ಅದರ ಬಗ್ಗೆ ಜಾಲದಲ್ಲಿರುವ ಬರಹವೇ ಕಡಿಮೆ.

ಸೇವೆಯಲ್ಲಿ ಸರಿಪಡಿಸಬೇಕಾದದ್ದು

ಪಾಠ ಎಷ್ಟೇ ಚೆನ್ನಾಗಿದ್ದರೂ, ಪುಸ್ತಕ ಕೇಳಲು ಬಂದಾಗ ಕೌಂಟರ್ ಮುಚ್ಚಿದ್ದರೆ ಕಲಿತದ್ದು ಅಲ್ಲೇ ಒಣಗುತ್ತದೆ. ಒಂದು ವಾರ ಅರ್ಧರ್ಧ ಗಂಟೆಗೆ ಒಳಗೆ ಬಂದವರ ಲೆಕ್ಕ ಬರೆದಿಡಿ, ಪಕ್ಕದಲ್ಲಿ ಹಳ್ಳಿಗಳ ಕಡೆಗೆ ಹೋಗುವ ಬಸ್ಸಿನ ಸಮಯ ಬರೆಯಿರಿ. ಸಂಜೆ ಐದರವರೆಗೆ ತೆರೆದಿಡುವುದರಿಂದ ನಾಲ್ಕೂಕಾಲರ ಬಸ್ಸು ಹಿಡಿಯುವವರಿಗೆ ಏನೂ ಪ್ರಯೋಜನವಿಲ್ಲ. ಅವರಿಗೆ ಬಿಡುವು ಸಿಗುವುದು ಊಟದ ಹೊತ್ತಿನಲ್ಲಿ, ಸರಿಯಾಗಿ ನಮ್ಮ ಕೌಂಟರ್ ಮುಚ್ಚುವಾಗ. ಸಿಬ್ಬಂದಿ ಇಬ್ಬರೇ ಇದ್ದರೂ ಊಟದ ಸರದಿ ಬದಲಿಸಿ ಆ ಒಂದು ಗಂಟೆ ತೆರೆದಿಡಿ. ದೂರದವರು ಬೆಳಿಗ್ಗೆ ಪುಸ್ತಕದ ಕಾಲ್ ನಂಬರ್ (ಕಪಾಟಿನಲ್ಲಿ ಅದರ ಜಾಗ ತೋರಿಸುವ ಸಂಖ್ಯೆ) ಸಂದೇಶ ಕಳಿಸಿದರೆ ಪುಸ್ತಕಕ್ಕೆ ಹೆಸರಿನ ಚೀಟಿ ಸಿಕ್ಕಿಸಿ ಕೌಂಟರಿನಲ್ಲಿ ತೆಗೆದಿಡಿ.

ಬೀಗ ಹಾಕಿದ ಕಪಾಟುಗಳ ಬಗ್ಗೆ ನಮ್ಮದು ಸ್ಪಷ್ಟ ನಿಲುವು: ತೆರೆಯಬೇಕು. ಪುಸ್ತಕ ಕಳೆದರೆ ತಮ್ಮ ಸಂಬಳದಿಂದ ಹೋಗುತ್ತದೆ ಎಂಬ ಗ್ರಂಥಪಾಲಕರ ಭಯ ಸುಳ್ಳಲ್ಲ. ಆದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರ 215ನೇ ನಿಯಮವೇ, ವರ್ಷದಲ್ಲಿ ಕೊಟ್ಟ ಅಥವಾ ಓದಿಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆಯುವುದನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪುತ್ತದೆ. 1,000 ರೂಪಾಯಿಗಿಂತ ಹೆಚ್ಚಿನ ಬೆಲೆಯವು ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದೇ ಧಾಟಿಯ ಒಂದು ಠರಾವನ್ನು ಲೈಬ್ರರಿ ಸಮಿತಿಯಲ್ಲಿ ಬರೆಸಿ, ಪ್ರಾಂಶುಪಾಲರ ಸಹಿ ಮಾಡಿಸಿ ಫೈಲಿನಲ್ಲಿಟ್ಟುಕೊಂಡು ಬೀಗ ತೆಗೆಯಿರಿ. ದುಬಾರಿ ಆಕರ ಗ್ರಂಥಗಳು ಮಾತ್ರ ಕೌಂಟರಿನ ಹಿಂದೆ ಇರಲಿ.

ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿದ್ದರೆ, ‘ಯಕ್ಷಗಾನ’ವನ್ನು ಮೂವರು ಮೂರು ಬಗೆಯಲ್ಲಿ ಬರೆದಿರುತ್ತಾರೆ. ಕ್ಯಾಟಲಾಗಿನ ಮಾರ್ಕ್ ನಮೂನೆಯಲ್ಲಿ ಶೀರ್ಷಿಕೆಯ 245ನೇ ಫೀಲ್ಡಿಗೆ ಕನ್ನಡ ಯೂನಿಕೋಡ್, ಬದಲಿ ಶೀರ್ಷಿಕೆಯ 246ಕ್ಕೆ ರೋಮನ್ ರೂಪ ಹಾಕಿದರೆ ಎರಡೂ ದಾರಿಯಿಂದ ಪುಸ್ತಕ ಸಿಗುತ್ತದೆ. ಎಲ್ಲವನ್ನೂ ಒಮ್ಮೆಗೇ ತಿದ್ದಲು ಹೊರಟರೆ ಕೆಲಸ ನಿಂತುಹೋಗುತ್ತದೆ. ಕೌಂಟರಿಗೆ ಮರಳಿ ಬಂದ ಪುಸ್ತಕಗಳನ್ನು ದಿನಕ್ಕೆ ಇಪ್ಪತ್ತರಂತೆ ತಿದ್ದಿ. ಓಡಾಡುವ ಪುಸ್ತಕಗಳು ಮೊದಲು ಸರಿಯಾಗುತ್ತವೆ.

ಎನ್‌-ಲಿಸ್ಟ್ ಖಾತೆ ಮಾಡಿಕೊಟ್ಟರೂ ಬಳಕೆ ಸೊನ್ನೆ ಎಂದಾದರೆ ಇಮೇಲ್ ವಿಳಾಸ ನೋಡಿ. ಪ್ರವೇಶದ ಅರ್ಜಿ ತುಂಬುವಾಗ ಸೈಬರ್ ಅಂಗಡಿಯವರು ಮಾಡಿಕೊಟ್ಟ ವಿಳಾಸ ಅದು, ಪಾಸ್‌ವರ್ಡ್ ವಿದ್ಯಾರ್ಥಿಗೆ ಗೊತ್ತೇ ಇರುವುದಿಲ್ಲ. ಪಟ್ಟಿ ಕಳಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ತೆರೆದಿರುವ ಇಮೇಲನ್ನು ಪರದೆ ನೋಡಿ ಬರೆದುಕೊಡಲಿ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ತೆರೆದಿವೆ. ನಿಮ್ಮದು ಸರ್ಕಾರಿ ಕಾಲೇಜಾಗಿದ್ದರೆ ನೋಂದಣಿ ಆಗಿದೆಯೇ ಎಂದು ಈ ವಾರವೇ ವಿಚಾರಿಸಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಗದವರಿಗಾಗಿ ಗೆಜೆಟಿಯರ್, ಹಳೇ ಪ್ರಶ್ನೆಪತ್ರಿಕೆ, ಇಳಿಸಿಕೊಳ್ಳಲು ಮುಕ್ತವಾಗಿರುವ ಲೇಖನಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಪೆನ್‌ಡ್ರೈವಿಗೆ ಹಾಕಿಕೊಡಿ. ಕಿವಿಕ್ಸ್ ತಂತ್ರಾಂಶ ಇದ್ದರೆ ಇಂಟರ್ನೆಟ್ ಇಲ್ಲದೆಯೂ ಕನ್ನಡ ವಿಕಿಪೀಡಿಯ ಓದಬಹುದು.

ಜಾಲದಲ್ಲಿ ಇಲ್ಲದ್ದು ನಮ್ಮಲ್ಲಿರಬೇಕು. ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಯಕ್ಷಗಾನ ಪ್ರಸಂಗದ ಪುಸ್ತಿಕೆ, ಊರಿನ ಪತ್ರಿಕೆಗಳ ಹಳೇ ಸಂಚಿಕೆ: ಇವಕ್ಕೆಂದು ಒಂದು ಜಿಲ್ಲಾ ಕಪಾಟು ಮಾಡಿ. ಅದರ ಶತ್ರು ಕರಾವಳಿಯ ಗಾಳಿ. ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಬೂಸಲು ಹಿಡಿಯುತ್ತದೆ, ಜುಲೈಯಲ್ಲಿ ಹೊರಗೆ ಶೇ 85ಕ್ಕಿಂತ ಹೆಚ್ಚಿರುತ್ತದೆ. ಗಾಳಿಯಾಡಲಿ ಎಂದು ಮಳೆಯ ದಿನ ಕಿಟಕಿ ತೆರೆಯುವುದು ದೊಡ್ಡ ತಪ್ಪು, ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಕಪಾಟು ಗೋಡೆಯಿಂದ ಹತ್ತು ಸೆಂ.ಮೀ. ದೂರ, ಕೆಳಗಿನ ಹಲಗೆ ನೆಲದಿಂದ ಹದಿನೈದು ಸೆಂ.ಮೀ. ಎತ್ತರ ಇರಲಿ. ಬೂಸಲು ಕಂಡ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಇನ್ನಷ್ಟು ಹರಡುತ್ತದೆ. ಚೀಲಕ್ಕೆ ಹಾಕಿ ಬೇರ್ಪಡಿಸಿ, ಮಳೆ ಬಿಟ್ಟ ದಿನ ಹೊರಗೆ ನೆರಳಿನಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಶ್ಶಿನಿಂದ ಕೊಡವಿ. ಸೋರಿದ ನೀರಿನಲ್ಲಿ ನೆನೆದ ಪುಸ್ತಕಕ್ಕೆ ಎರಡು ದಿನದೊಳಗೆ ಬೂಸಲು ಬರುತ್ತದೆ. ಕೂಡಲೇ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು ಸಮಯ ಗಳಿಸಿಕೊಳ್ಳಿ.

ಕೊನೆಗೆ ಆ ಐದು ನಿಮಿಷದ ಚೀಟಿ. ಎರಡೇ ಸಾಲು ಬರೆಸಿ: ಯಾವ ಪದ ಹಾಕಿದಾಗ ಸಿಕ್ಕಿತು, ಎಲ್ಲಿ ಸಿಕ್ಕಿಹಾಕಿಕೊಂಡೆ. ಹೆಸರು ಬೇಡ, ಹೆಸರಿದ್ದರೆ ‘ಎಲ್ಲ ಚೆನ್ನಾಗಿ ಅರ್ಥವಾಯಿತು’ ಎಂದು ಬರೆಯುತ್ತಾರೆ. ಆ ಸಂಜೆಯೇ ಚೀಟಿಗಳನ್ನು ತೊಡಕಿನ ಪ್ರಕಾರ ಗುಡ್ಡೆ ಹಾಕಿ. ‘ಪಾಸ್‌ವರ್ಡ್ ಬರಲಿಲ್ಲ’ ಎಂಬ ಗುಡ್ಡೆ ದೊಡ್ಡದಿದ್ದರೆ ಅದು ನಮ್ಮ ಕೆಲಸ, ಮರುದಿನವೇ ಮುಗಿಸಿ. ‘ಇಂಗ್ಲಿಷ್ ಪದ ಗೊತ್ತಾಗಲಿಲ್ಲ’ ಎಂಬುದು ದೊಡ್ಡದಿದ್ದರೆ, ಎರಡನೇ ತಂಡಕ್ಕೆ ಪದಗಳ ಪಟ್ಟಿಗೆ ಹತ್ತರ ಬದಲು ಹದಿನೆಂಟು ನಿಮಿಷ ಕೊಡಿ, ಹುಡುಕಾಟದಿಂದ ಎಂಟು ನಿಮಿಷ ಕಡಿಮೆ ಮಾಡಿ.